ಆರತಿ ಹೊತ್ತಿಗೇ ಕೈ ಕೊಡುವ ಡಬ್ಲ್ಯೂಎಲ್‌ಇಡಿ ಬೋರ್ಡುಗಳು: ಕೋಡ್ ಎಲ್ಲಿಂದ ಸರಿ ಮಾಡೋಣ?

ದೀಪಮಾಲೆ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಹಿಡಿದು ಕೂತು ಓದಿ.

ನಮ್ಮದು ಕೌಲ್ ಬಜಾರ್. ಓಣಿಯ ಗಣಪತಿ ಪೆಂಡಾಲಿಗೆ ಲೈಟು ಹಾಕುವ ಕೆಲಸ ನಮ್ಮ ಹುಡುಗರದ್ದೇ. ಮೊದಲು ಬಾಡಿಗೆ ಸೀರಿಯಲ್ ಸೆಟ್ ತರುತ್ತಿದ್ದೆವು. ಎರಡು ವರ್ಷದಿಂದ ಡಬ್ಲ್ಯೂಎಲ್‌ಇಡಿ ಹಾಕುತ್ತಿದ್ದೇವೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು 2016ರಲ್ಲಿ ಒಬ್ಬರು ಹವ್ಯಾಸಕ್ಕೆ ಶುರು ಮಾಡಿದ ಓಪನ್ ಸೋರ್ಸ್ ಸಾಫ್ಟ್‌ವೇರ್. ಇಎಸ್‌ಪಿ8266 ಅಥವಾ ಇಎಸ್‌ಪಿ32 ಅನ್ನುವ ಸಣ್ಣ ವೈಫೈ ಬೋರ್ಡಿಗೆ ತುಂಬಿದರೆ ಆಯಿತು, ಎಲ್‌ಇಡಿ ಪಟ್ಟಿಯ ಒಂದೊಂದು ದೀಪದ ಬಣ್ಣವನ್ನೂ ಮೊಬೈಲಿನಲ್ಲಿ ಬದಲಾಯಿಸಬಹುದು. ದುಡ್ಡು ಕೊಡಬೇಕಿಲ್ಲ. ಕೋಡ್ ಗಿಟ್‌ಹಬ್‌ನಲ್ಲಿ ತೆರೆದೇ ಇದೆ.

ಅದರೊಳಗೆ ನಾವು ಒಂದು ಯೂಸರ್‌ಮಾಡ್, ಅಂದರೆ ಬಳಸುವವರೇ ಸೇರಿಸುವ ತುಂಡು ಕೋಡ್, ಬರೆದು ಸೇರಿಸಿದ್ದೇವೆ. ಹೆಸರು 'ಆರತಿ'. ಆರತಿ ಹೊತ್ತಿಗೆ ಎಲ್ಲ ದೀಪ ಬಿಳಿ ಆಗಬೇಕು, ಮುಗಿದ ಮೇಲೆ ಮತ್ತೆ ಬಣ್ಣ ಶುರು ಆಗಬೇಕು. ಜೊತೆಗೆ ಬೋರ್ಡ್ ಇಟ್ಟ ಡಬ್ಬಿ ಜಾಸ್ತಿ ಬಿಸಿಯಾದರೆ ಬೆಳಕು ಇಳಿಸುತ್ತದೆ. ನಮ್ಮೂರ ಬಿಸಿಲು ಗೊತ್ತಲ್ವಾ, ಅದಕ್ಕೆ ಬಿಸಿ ಅಳೆಯುವ ಒಂದು ಡಿಎಚ್‌ಟಿ22 ಸೆನ್ಸರ್ ಹಾಕಿದ್ದೇವೆ.

ಈ ಸಲ ಎಂಟು ಬೋರ್ಡ್ ಹಾಕಿದೆವು. ಎರಡು ತೊಂದರೆ. ಒಂದು, ಸಂಜೆ ಹೊತ್ತು ಬೋರ್ಡುಗಳು ತಾವೇ ರೀಸ್ಟಾರ್ಟ್ ಆಗುತ್ತವೆ. ಎರಡು, ಹಾಗೆ ರೀಸ್ಟಾರ್ಟ್ ಆದಮೇಲೆ ಕೆಲವು ಬೋರ್ಡ್ ಮಾತು ಕೇಳುವುದಿಲ್ಲ. ದೀಪ ಉರಿಯುತ್ತದೆ, ಮೊಬೈಲಿನಲ್ಲಿ ಪೇಜ್ ಕೂಡ ತೆರೆಯುತ್ತದೆ, ಆದರೆ ಒಳಗೆ ಬಣ್ಣವೂ ಇಲ್ಲ, ಮೊದಲೇ ಉಳಿಸಿಟ್ಟ ಪ್ರೀಸೆಟ್ಟೂ ಇಲ್ಲ, ಖಾಲಿ. ಮೂರನೇ ದಿನ ಪೂಜಾರಪ್ಪ ಮಂಗಳಾರತಿ ಎತ್ತಿದರೂ ನಮ್ಮ ಲೈಟು ಕೆಂಪು-ನೀಲಿ ಕುಣಿಯುತ್ತಲೇ ಇತ್ತು. ಓಣಿಯ ಹಿರಿಯರೊಬ್ಬರು "ಏನಪ್ಪಾ, ದೇವರ ಮುಂದೆ ಆರ್ಕೆಸ್ಟ್ರಾ ಇಟ್ಟಿದ್ದೀಯಾ" ಅಂದರು. ಅಲ್ಲಿಂದ ಯಾರ ಮುಖ ನೋಡುವುದಕ್ಕೂ ನಾಚಿಕೆ.

ಯೂಸರ್‌ಮಾಡ್ ಕೋಡ್ ಹಾಕಿದ್ದೇನೆ, ನೋಡಿ. 1400 ಸಾಲು, ಒಂದೇ ಫೈಲ್. ಚೆನ್ನಾಗಿಲ್ಲ ಅಂತ ನನಗೂ ಗೊತ್ತು. ಇದನ್ನು ಗಟ್ಟಿ ಮಾಡಿ ಮೂಲ ಪ್ರಾಜೆಕ್ಟಿಗೂ ಕಳಿಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ನಾಲ್ಕನೇ_ಸೆಮ್

ಅಣ್ಣ, ಕೋಡ್ ಓದಿದೆ. ಬೇಜಾರಾಗಬೇಡಿ, ಇದನ್ನು ರಿಪೇರಿ ಮಾಡುವುದಕ್ಕಿಂತ ಬಿಸಾಕಿ ಹೊಸದಾಗಿ ಬರೆಯುವುದೇ ಸುಲಭ. ಎಲ್ಲ ಕಡೆ ಗ್ಲೋಬಲ್ ವೇರಿಯಬಲ್. ಫಂಕ್ಷನ್ ಹೆಸರುಗಳು 'ಮಾಡು1', 'ಮಾಡು2', 'ಮಾಡು2ಹೊಸದು'. ಒಂದು ಕಡೆ ಟ್ಯಾಬ್, ಒಂದು ಕಡೆ ಸ್ಪೇಸ್.

ಒಂದು ವಾರ ರಜೆ ಇದೆ. ಹೊಸದಾಗಿ ಕ್ಲಾಸ್ ಮಾಡಿ ಬರೆಯುತ್ತೇನೆ. ಜೊತೆಗೆ ಮೂಲ ಡಬ್ಲ್ಯೂಎಲ್‌ಇಡಿ ಕೋಡನ್ನೂ ಕ್ಲ್ಯಾಂಗ್-ಫಾರ್ಮ್ಯಾಟ್ ಅನ್ನುವ ಟೂಲ್ ಹಾಕಿ ಒಂದೇ ಸಮ ಮಾಡಿ ಒಂದು ಪುಲ್ ರಿಕ್ವೆಸ್ಟ್ (ನಮ್ಮ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸೋಣ. ಕೋಡ್ ಕ್ವಾಲಿಟಿ ಅಂದರೆ ಅದೇ ಅಲ್ವಾ?

ಸೋಲ್ಡರ್_ರಾಯಚೂರು

ತಮ್ಮಾ, ಸ್ವಲ್ಪ ತಡೆ. ಕೋಡಿಗೆ ಕೈ ಹಾಕುವ ಮೊದಲು ಮೀಟರ್ ಹಿಡಿಯೋಣ.

ದೀಪಮಾಲೆ ಅವರೇ, ಒಂದು ಬೋರ್ಡಿಗೆ ಎಷ್ಟು ದೀಪ? ಎಷ್ಟು ಆಂಪಿನ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ? ವೈರು ಎಷ್ಟು ದಪ್ಪ? ಡಬ್ಲ್ಯೂಎಸ್2812ಬಿ ಪಟ್ಟಿ ಅಂದರೆ ಒಂದು ದೀಪ ಪೂರ್ತಿ ಬಿಳಿ ಉರಿದಾಗ ಸುಮಾರು 60 ಮಿಲಿ ಆಂಪ್ ಎಳೆಯುತ್ತದೆ. ಮೀಟರಿಗೆ 60 ದೀಪದ ಐದು ಮೀಟರ್ ರೋಲ್ ಹಾಕಿದ್ದರೆ 300 ದೀಪ. ಗುಣಿಸಿ: 18 ಆಂಪ್. ನಿಮ್ಮ ಆರತಿ ಅಂದರೇನೇ ಪೂರ್ತಿ ಬಿಳಿ!

ಇನ್ನೊಂದು. ಡಬ್ಲ್ಯೂಎಲ್‌ಇಡಿಯಲ್ಲಿ ತಾನೇ ಬೆಳಕು ಇಳಿಸುವ ಕರೆಂಟ್ ಮಿತಿ ಇದೆ. ಹೊಸದಾಗಿ ತುಂಬಿದಾಗ 850 ಮಿಲಿ ಆಂಪ್ ಇರುತ್ತದೆ. ಬೆಳಕು ಸಾಲುವುದಿಲ್ಲ ಅಂತ ಎಲ್ಲರೂ ಮೊದಲು ಅದನ್ನೇ ಆಫ್ ಮಾಡುತ್ತಾರೆ. ನೀವೂ ಮಾಡಿದ್ದೀರಾ?

ದೀಪಮಾಲೆ_ಬಳ್ಳಾರಿ

ಮಾಡಿದ್ದೇವೆ ರೀ. 300 ದೀಪ, 10 ಆಂಪ್ ಸಪ್ಲೈ, ಒಂದೇ ತುದಿಯಿಂದ ಕರೆಂಟು.

ನಿಮ್ಮ ಮಾತು ಕೇಳಿ ಈಗಷ್ಟೇ ಮೀಟರ್ ಹಿಡಿದೆ. ಬಣ್ಣ ಓಡುವಾಗ ಬೋರ್ಡಿನ ಹತ್ತಿರ 4.9 ವೋಲ್ಟ್. ಬಿಳಿ ಹಾಕಿದ ತಕ್ಷಣ 4.1ಕ್ಕೆ ಇಳಿಯಿತು. ರೋಲಿನ ಆ ಕೊನೆಗೆ 3.4. ಆ ಕಡೆಯ ದೀಪ ಬಿಳಿಯ ಬದಲು ಕೆಂಪಗೆ ಕಾಣುತ್ತಿತ್ತು. ಅದನ್ನು ನಾವು ಎರಡು ವರ್ಷದಿಂದ 'ಡಿಸೈನ್' ಅಂತ ಹೇಳಿಕೊಂಡು ಬಂದಿದ್ದೇವೆ.

ಸೋಲ್ಡರ್_ರಾಯಚೂರು

ಹಹಾ. ನೀಲಿ ಮತ್ತು ಹಸಿರಿಗೆ ಜಾಸ್ತಿ ವೋಲ್ಟೇಜ್ ಬೇಕು, ಕೆಂಪಿಗೆ ಕಮ್ಮಿ ಸಾಕು. ಅದಕ್ಕೇ ಕೊನೆಯಲ್ಲಿ ಕೆಂಪು ಒಂದೇ ಉಳಿಯುತ್ತದೆ.

ಎರಡೂ ತುದಿಯಿಂದ ಕರೆಂಟ್ ಕೊಡಿ. ಮಧ್ಯದಲ್ಲಿ ಒಂದು ಕಡೆ ಕೊಟ್ಟರೆ ಇನ್ನೂ ಒಳ್ಳೆಯದು. ಮಿತಿಯನ್ನು 8000 ಮಿಲಿ ಆಂಪಿಗೆ ಇಡಿ. ನೆನಪಿರಲಿ, ಅದು ಅಳೆದ ಲೆಕ್ಕ ಅಲ್ಲ. ಯಾವ ದೀಪ ಯಾವ ಬಣ್ಣ ಅಂತ ನೋಡಿ ಸಾಫ್ಟ್‌ವೇರ್ ಮಾಡುವ ಅಂದಾಜು. ಬೋರ್ಡ್ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿ.

ಡೇಟಾ ವೈರಿನದ್ದೂ ಒಂದು ಕಥೆ ಇದೆ. ಬೋರ್ಡ್ ಕೊಡುವುದು 3.3 ವೋಲ್ಟ್, 5 ವೋಲ್ಟಿನಲ್ಲಿ ಓಡುವ ಪಟ್ಟಿ ಕೇಳುವುದು 3.5. ಹೇಗೋ ನಡೆಯುತ್ತದೆ, ನಡೆಯದಿದ್ದಾಗ ಮೊದಲ ದೀಪ ಮಿಣಮಿಣ ಅನ್ನುತ್ತದೆ. 3.3 ಅನ್ನು 5 ವೋಲ್ಟಿಗೆ ಏರಿಸುವ 74ಎಚ್‌ಸಿಟಿ125 ಚಿಪ್ ಒಂದು ಹಾಕಿದರೆ ಆ ತಲೆನೋವು ಇಲ್ಲ.

ಇಷ್ಟಾದಮೇಲೂ ರೀಸ್ಟಾರ್ಟ್ ಆದರೆ ಕೋಡನ್ನು ಬೈಯೋಣ.

ಕಿನ್ನಾಳ_ಮೇಷ್ಟ್ರು

ನಾಲ್ಕನೇ ಸೆಮ್ ಹುಡುಗನಿಗೆ ಎರಡು ಮಾತು. ನಾನು ಕಲಿಸಿದ್ದು ವಿಜ್ಞಾನ, ಕೋಡ್ ಕಲಿತದ್ದು ರಿಟೈರ್ ಆದ ಮೇಲೆ. ಆದರೂ ಹೇಳುತ್ತೇನೆ.

ಹೊಸದಾಗಿ ಬರೆಯುವ ಆಸೆ ಎಲ್ಲರಿಗೂ ಇರುತ್ತದಪ್ಪ. ಹಳೆಯ ಕೋಡ್ ಕೊಳಕಾಗಿ ಕಾಣುವುದಕ್ಕೆ ಒಂದು ಕಾರಣ, ಅದರಲ್ಲಿ ಎರಡು ವರ್ಷದ ಪೆಟ್ಟುಗಳು ಇವೆ. 'ಮಾಡು2ಹೊಸದು' ಯಾಕೆ ಬಂತು ಅಂತ ಯಾರನ್ನಾದರೂ ಕೇಳಿದೆಯಾ? ಏನೋ ಒಂದು ಕೆಟ್ಟಿತ್ತು, ಅದಕ್ಕೆ ಬಂತು. ನೀನು ಹೊಸದಾಗಿ ಬರೆದರೆ ಆ ಕಾರಣ ಕಳೆದುಹೋಗುತ್ತದೆ, ಮುಂದಿನ ಗಣಪತಿಗೆ ಅದೇ ತಪ್ಪು ಹೊಸ ಬಟ್ಟೆ ಹಾಕಿಕೊಂಡು ಬರುತ್ತದೆ. ಅದಕ್ಕಿಂತ ಮುಖ್ಯ, ಈಗ ಇರುವ ತಪ್ಪು ಯಾವುದು ಅಂತಲೇ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೊಸ ಕೋಡಿನಲ್ಲಿ ಬಿಟ್ಟೆವೋ ಇಲ್ಲವೋ ಅಂತ ಹೇಗೆ ಹೇಳುತ್ತೀ?

ಮೂಲ ಪ್ರಾಜೆಕ್ಟಿನ ಎಲ್ಲ ಫೈಲಿಗೂ ಫಾರ್ಮ್ಯಾಟ್ ಹಾಕಿ ಕಳಿಸುವ ಯೋಚನೆ ಬಿಡು. ಅಲ್ಲಿ ಕೆಲಸ ಮಾಡುವವರು ತಮ್ಮ ಬಿಡುವಿನಲ್ಲಿ ಮಾಡುತ್ತಾರೆ. ಸಾವಿರಾರು ಸಾಲಿನ ಬದಲಾವಣೆ ಬಂದರೆ ಯಾರು ಓದಬೇಕು? ಆ ರಾಶಿಯಲ್ಲಿ ಒಂದು ಸಾಲು ನಿಜವಾಗಿ ಬದಲಾಗಿದ್ದರೆ ಯಾರಿಗೆ ಕಾಣುತ್ತದೆ? ಬೇರೆಯವರು ಆಗಲೇ ಕಳಿಸಿರುವ ಪುಲ್ ರಿಕ್ವೆಸ್ಟುಗಳೆಲ್ಲ ಡಿಕ್ಕಿ ಹೊಡೆಯುತ್ತವೆ. ಯಾವ ಸಾಲು ಯಾಕೆ ಬಂತು ಅಂತ, ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಬ್ಲೇಮ್‌ನಲ್ಲಿ ನೋಡಿದರೆ ಎಲ್ಲ ಕಡೆ ನಿನ್ನ ಹೆಸರೇ ಬರುತ್ತದೆ.

ಅವರು ನಿಯಮವನ್ನು ಬರೆದೇ ಇಟ್ಟಿದ್ದಾರೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲಿನಲ್ಲಿ ಟ್ಯಾಬ್. ಉಳಿದವಕ್ಕೆ ಎರಡು ಸ್ಪೇಸ್. ನೀನು ಮುಟ್ಟುವ ಸಾಲಿಗೆ ಅದನ್ನು ಪಾಲಿಸಿದರೆ ಸಾಕು.

ನಾಲ್ಕನೇ_ಸೆಮ್

ಸರ್, ಒಪ್ಪಿದೆ, ಅರ್ಧ. ಮೂಲ ಪ್ರಾಜೆಕ್ಟಿಗೆ ಫಾರ್ಮ್ಯಾಟ್ ಕಳಿಸುವುದಿಲ್ಲ. ಆದರೆ ನಮ್ಮ ಫೈಲನ್ನು ಹೀಗೆಯೇ ಬಿಟ್ಟರೆ ಯಾರಿಗೂ ತಪ್ಪು ಕಾಣುವುದಿಲ್ಲ. ನಾನು ಮೂರು ಸಲ ಓದಿದೆ, ಲೂಪ್ ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗಲಿಲ್ಲ. ಓದೋಕೆ ಆಗದ್ದನ್ನು ರಿಪೇರಿ ಮಾಡುವುದು ಹೇಗೆ?

ಸಿಂಧನೂರಕ್ಕ

ಹುಡುಗನ ಮಾತಿನಲ್ಲೂ ಸತ್ಯ ಇದೆ ಮೇಷ್ಟ್ರೇ. ಓದುವಂತೆ ಮಾಡಲೇಬೇಕು, ಆದರೆ ತಪ್ಪು ಹಿಡಿದ ಮೇಲೆ. ಮೊದಲು ಹಿಡಿಯೋಣ.

ನಾನು ಊರು ಬಿಟ್ಟು ಇದೇ ಕೆಲಸ ಮಾಡುತ್ತಿರುವವಳು, ಸಣ್ಣ ಬೋರ್ಡುಗಳ ಫರ್ಮ್‌ವೇರ್, ಅಂದರೆ ಅವುಗಳ ಒಳಗೆ ಓಡುವ ಸಾಫ್ಟ್‌ವೇರ್. ನಿನ್ನೆ ರಾತ್ರಿ ಮಗು ಮಲಗಿದ ಮೇಲೆ 'ಆರತಿ' ಕೋಡ್ ಓದಿದೆ. ಮೂರು ವಿಷಯ ಕಣ್ಣಿಗೆ ಬಿತ್ತು. ಸಣ್ಣವು ಮೊದಲು.

ಸೆನ್ಸರ್ ಉತ್ತರ ಕೊಡುವ ತನಕ ಖಾಲಿ ವೈಲ್ ಲೂಪಿನಲ್ಲಿ ಕಾಯುತ್ತಿದ್ದೀರಿ. ಸೆನ್ಸರ್ ವೈರು ಸಡಿಲ ಆದರೆ ಉತ್ತರ ಬರುವುದೇ ಇಲ್ಲ. ಇಎಸ್‌ಪಿ8266ರಲ್ಲಿ ಮೂರು ಸೆಕೆಂಡಿನ ಆಸುಪಾಸು ಹೀಗೆ ಹಿಡಿದು ನಿಲ್ಲಿಸಿದರೆ ಬೋರ್ಡ್ ಸಿಕ್ಕಿಹಾಕಿಕೊಂಡಿದೆಯಾ ಅಂತ ಕಾಯುವ ವಾಚ್‌ಡಾಗ್ ಎದ್ದು ಬೋರ್ಡನ್ನು ರೀಸ್ಟಾರ್ಟ್ ಮಾಡುತ್ತದೆ. ಸೀರಿಯಲ್ ಮಾನಿಟರಿನಲ್ಲಿ 'ಸಾಫ್ಟ್ ಡಬ್ಲ್ಯೂಡಿಟಿ ರೀಸೆಟ್' ಅಂತ ಬಂದಿದ್ದರೆ ಇದೇ. ಕಾಯಲು ಒಂದು ಮಿತಿ ಇಡಿ, ಅಷ್ಟರಲ್ಲಿ ಬರದಿದ್ದರೆ ಹಳೆಯ ಅಂಕಿಯನ್ನೇ ಬಳಸಿ.

ಎರಡನೆಯದು, ಪ್ರತಿ ಸೆಕೆಂಡ್ ಸ್ಟ್ರಿಂಗ್ ಜೋಡಿಸಿ ಜೋಡಿಸಿ ಸ್ಟೇಟಸ್ ಸಾಲು ಮಾಡುತ್ತಿದ್ದೀರಿ. ಈ ಚಿಪ್ಪಿನಲ್ಲಿ ನಮ್ಮ ಕೈಗೆ ಸಿಗುವುದು ಒಟ್ಟು 80 ಕೆಬಿ ಆಸುಪಾಸಿನ ಮೆಮೊರಿ, ಅದರಲ್ಲಿ ಹೆಚ್ಚಿನದು ವೈಫೈ ಮತ್ತು ದೀಪಗಳಿಗೇ ಹೋಗುತ್ತದೆ. ದೊಡ್ಡ ಸಣ್ಣ ತುಂಡು ಕೇಳುವುದು, ಬಿಡುವುದು ಮಾಡುತ್ತಿದ್ದರೆ ಹೀಪ್, ಅಂದರೆ ಬೇಕಾದಾಗ ಕೇಳಿ ಪಡೆಯುವ ಮೆಮೊರಿ, ಚೂರುಚೂರು ಆಗುತ್ತದೆ. ಒಟ್ಟು ಜಾಗ ಇದೆ ಅಂತ ತೋರಿಸುತ್ತದೆ, ಆದರೆ ಒಂದೇ ಕಡೆ ದೊಡ್ಡ ಜಾಗ ಸಿಗುವುದಿಲ್ಲ. ಜಾತ್ರೆಯಲ್ಲಿ ಬಸ್ಸಿನೊಳಗೆ ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇದ್ದು, ಐದು ಜನರ ಮನೆಮಂದಿಗೆ ಒಟ್ಟಿಗೆ ಕೂರಲು ಆಗದಂತೆ. ಮೊದಲೇ ಅಳತೆ ಗೊತ್ತಿರುವ ಒಂದು ಬಫರ್ (ತಾತ್ಕಾಲಿಕ ಜಾಗ) ಇಟ್ಟುಕೊಂಡು ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ. ಎಸ್‌ಪ್ರಿಂಟ್‌ಎಫ್ ಬೇಡ, ಅದು ಬಫರಿನ ಗಡಿ ನೋಡುವುದಿಲ್ಲ.

ಈಗ ಮೂರನೆಯದು. ನಿಮ್ಮ 'ಖಾಲಿ ಪೇಜ್' ಕಾಯಿಲೆ ಇದೇ ಅಂತ ನನ್ನ ಗುಮಾನಿ.

ಡಬ್ಲ್ಯೂಎಲ್‌ಇಡಿಯಲ್ಲಿ ಜೇಸನ್ (ಮಾಹಿತಿ ಬರೆದಿಡುವ ಒಂದು ರೂಪ) ಓದಲು ಬರೆಯಲು ಎಲ್ಲರಿಗೂ ಸೇರಿ ಒಂದೇ ದೊಡ್ಡ ಬಫರ್ ಇದೆ. ಮೆಮೊರಿ ಕಮ್ಮಿ ಅಲ್ವಾ, ಒಬ್ಬೊಬ್ಬರಿಗೆ ಒಂದೊಂದು ಕೊಡಲು ಆಗುವುದಿಲ್ಲ. ಓಣಿಗೊಂದೇ ಬೋರ್‌ವೆಲ್ ಇದ್ದಂತೆ. ಬಳಸುವವರು ಮೊದಲು ಲಾಕ್ ಕೇಳಬೇಕು, ಕೆಲಸ ಮುಗಿದ ಮೇಲೆ ಬಿಡಬೇಕು. ಮೊಬೈಲ್ ಪೇಜು ಬಣ್ಣ ಕೇಳುವುದೂ ಅದರ ಮೂಲಕವೇ, ಪ್ರೀಸೆಟ್ ತೆರೆಯುವುದೂ ಅದರ ಮೂಲಕವೇ.

ನಿಮ್ಮ ಯೂಸರ್‌ಮಾಡ್ ಶುರುವಿನಲ್ಲಿ ಲಾಕ್ ತಗೊಳ್ಳುತ್ತದೆ. ಇನ್ನೂ ಆಗಬೇಕಾದ ಆರತಿಗಳ 'ಪಟ್ಟಿ' ಫೈಲ್ ಓದುತ್ತದೆ. ಮುಂದಿನ ಆರತಿ ಯಾವುದು ಅಂತ ಹೇಳುವ 'ಗುರುತು' ಫೈಲಿನಲ್ಲಿ ಇರುವ ನಂಬರು ಆ ಪಟ್ಟಿಯಲ್ಲಿ ಇದೆಯಾ ಅಂತ ಹುಡುಕುತ್ತದೆ. ಸಿಕ್ಕರೆ ಮುಂದಿನ ಕೆಲಸ ಮಾಡಿ ಲಾಕ್ ಬಿಡುತ್ತದೆ. ಸಿಗದಿದ್ದರೆ? 611ನೇ ಸಾಲು ನೋಡಿ. ಸುಮ್ನೆ ರಿಟರ್ನ್. ಲಾಕ್ ಬಿಡಲೇ ಇಲ್ಲ! ಅಲ್ಲಿಂದ ಮುಂದೆ ಬೋರ್‌ವೆಲ್ಲಿನ ಕೀಲಿ ನಿಮ್ಮ ಜೇಬಿನಲ್ಲಿ, ಓಣಿಯವರೆಲ್ಲ ಕೊಡ ಹಿಡಿದು ನಿಂತಿದ್ದಾರೆ. ದೀಪ ಉರಿಯುತ್ತದೆ, ಪೇಜಿನ ಚೌಕಟ್ಟು ಬರುತ್ತದೆ, ಒಳಗಿನ ಮಾಹಿತಿ ಮಾತ್ರ ಬರುವುದಿಲ್ಲ.

ನನಗೆ ಗೊತ್ತಾಗದ್ದು ಒಂದೇ. ಗುರುತಿನ ನಂಬರು ಪಟ್ಟಿಯಲ್ಲಿ ಸಿಗದೇ ಇರುವುದು ಯಾವಾಗ? ಎರಡನ್ನೂ ನೀವೇ ಬರೆಯುತ್ತೀರಿ.

ಗಂಗಾವತಿ_ಸೀರಿಯಲ್‌ಸೆಟ್

ನಡುವೆ ಬಾಯಿ ಹಾಕುತ್ತೇನೆ. ನನ್ನದು ಲೈಟಿನ ಅಂಗಡಿ. ಇವರ 'ಆರತಿ' ತುಂಬಿದ ಬೋರ್ಡುಗಳನ್ನು ನಾನೂ ಹತ್ತಾರು ಗುಡಿಗೆ ಮಾರಿದ್ದೇನೆ. ನೀವು ಲಾಕು, ಹೀಪು ಅಂತ ಮಾತಾಡುತ್ತಾ ಕೂತಿದ್ದೀರಿ, ನನಗೆ ದಿನಾ ಫೋನು. ಹಳೆಯ ವರ್ಷದ್ದು ಚೆನ್ನಾಗಿತ್ತು. ಅದರ ಬಿನ್ ಫೈಲ್, ಬೋರ್ಡಿಗೆ ತುಂಬುವ ಸಿದ್ಧ ಫೈಲ್, ಯಾರ ಹತ್ತಿರ ಇದೆ?

ದೀಪಮಾಲೆ_ಬಳ್ಳಾರಿ

ಇಲ್ಲ ಅಣ್ಣ. ಅದರ ಮೇಲೇ ಹೊಸದು ಬಿಲ್ಡ್ ಮಾಡಿದ್ದೇವೆ.

ಕಿನ್ನಾಳ_ಮೇಷ್ಟ್ರು

ಇದು ಕೋಡಿಗಿಂತ ದೊಡ್ಡ ತಪ್ಪು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟು ಕೊಚ್ಚಿಹೋಯಿತಲ್ಲ, ಮರುದಿನ ಮುನಿರಾಬಾದಿಗೆ ಹೋಗಿ ನೋಡಿ ಬಂದವನು ನಾನು. ಒತ್ತಡ ಇಳಿಸಲು 33 ಗೇಟಿನಿಂದಲೂ ನೀರು ಬಿಟ್ಟಿದ್ದರು. ಆ ಜಾಗಕ್ಕೆ ಇಳಿಸುವ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಸಿದ್ಧವಾಗಿ ಇರಲಿಲ್ಲ, ಮಾಡಿಸಿ ತಂದು ಇಳಿಸುವ ತನಕ ನಮ್ಮ ನೀರೆಲ್ಲ ಹೊಳೆ ಪಾಲು. ಹೋಲಿಕೆ ಜಾಸ್ತಿ ಆಯಿತು ಅನ್ನಿ, ಪರವಾಗಿಲ್ಲ. ಪ್ರತಿ ಹಬ್ಬಕ್ಕೆ ತುಂಬಿದ ಬಿನ್ ಫೈಲನ್ನು ತಾರೀಖು ಬರೆದು ಒಂದು ಕಡೆ ಇಡಿ. ಗಿಟ್‌ನಲ್ಲಿ ಆ ಕಮಿಟ್‌ಗೆ (ದಾಖಲಾದ ಬದಲಾವಣೆಗೆ) ಟ್ಯಾಗ್, ಅಂದರೆ ಹೆಸರಿನ ಚೀಟಿ, ಹಾಕಿ. ಕೆಟ್ಟಾಗ ಇಳಿಸಲು ಒಂದು ಗೇಟು ಇರಲಿ.

ಸಿಂಧನೂರಕ್ಕ

ಗಂಗಾವತಿ ಅಣ್ಣನಿಗೆ ಒಂದು ಮಾತು. ನೀವು ಬೋರ್ಡ್ ಮಾರುತ್ತಿದ್ದರೆ ಲೈಸೆನ್ಸ್ ನೋಡಿಕೊಳ್ಳಿ. ಡಬ್ಲ್ಯೂಎಲ್‌ಇಡಿ ಮೊದಲು ಎಂಐಟಿ ಲೈಸೆನ್ಸಿನಲ್ಲಿ ಇತ್ತು, 0.15 ವರ್ಷನ್‌ನಿಂದ ಇಯುಪಿಎಲ್ ಅನ್ನುವ ಲೈಸೆನ್ಸ್ ಆಗಿದೆ. ಬದಲಾಯಿಸಿದ್ದನ್ನು ತುಂಬಿ ಬೇರೆಯವರಿಗೆ ಕೊಟ್ಟರೆ ಆ ಕೋಡನ್ನೂ ಕೊಡಬೇಕು. 'ಆರತಿ' ಕೋಡ್ ಹೇಗೂ ತೆರೆದೇ ಇದೆ, ಡಬ್ಬಿಯ ಮೇಲೆ ಅದರ ವಿಳಾಸ ಅಂಟಿಸಿದರೆ ಸಾಕು.

ದೀಪಮಾಲೆ_ಬಳ್ಳಾರಿ

ಅಕ್ಕಾ, ನೀವು ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಅನಿಸುತ್ತದೆ. ಬೆಳಿಗ್ಗೆ ರಾಯಲ್ ಸರ್ಕಲ್ ಹತ್ತಿರ ಒಗ್ಗರಣಿ ಮಿರ್ಚಿ ತಿನ್ನುತ್ತಾ ಕಾಗದದ ಮೇಲೆ ಬರೆದು ನೋಡಿದೆ.

ಆರತಿ ಹೊತ್ತಿಗೆ ನಮ್ಮ ಕೋಡ್ ಮಾಡುವ ಕೆಲಸ, ಈ ಕ್ರಮದಲ್ಲಿ: ಮೊದಲು ಈ ಹೊತ್ತಿನ ಆರತಿಯನ್ನು ಪಟ್ಟಿಯಿಂದ ತೆಗೆದು ಫೈಲ್ ಬರೆಯುತ್ತದೆ. ಆಮೇಲೆ ಎಲ್ಲ ದೀಪ ಬಿಳಿ ಮಾಡುತ್ತದೆ. ಕೊನೆಗೆ ಗುರುತನ್ನು ಮುಂದಿನ ಆರತಿಗೆ ಸರಿಸಿ ಇನ್ನೊಂದು ಫೈಲ್ ಬರೆಯುತ್ತದೆ.

ಬಿಳಿ ಆದ ಕ್ಷಣಕ್ಕೆ ವೋಲ್ಟೇಜ್ 4.1ಕ್ಕೆ ಬಿದ್ದು ಬೋರ್ಡ್ ರೀಸ್ಟಾರ್ಟ್! ಅಂದರೆ ಸರಿಯಾಗಿ ಎರಡು ಫೈಲಿನ ನಡುವೆ. ಪಟ್ಟಿಯಲ್ಲಿ ಆ ಆರತಿ ಇಲ್ಲ, ಗುರುತು ಇನ್ನೂ ಅದರ ಮೇಲೇ ಇದೆ. ಎದ್ದು ಬಂದ ಬೋರ್ಡ್ ಹುಡುಕುತ್ತದೆ, ಸಿಗುವುದಿಲ್ಲ, 611ನೇ ಸಾಲು, ಬೀಗ.

ಎರಡು ತೊಂದರೆ ಅಂದುಕೊಂಡಿದ್ದೆ. ಒಂದೇ ಸರಪಳಿ.

ಸೋಲ್ಡರ್_ರಾಯಚೂರು

ನಾನು ಹೇಳಲಿಲ್ವಾ, ಮೀಟರ್ ಮೊದಲು ಅಂತ.

ಸಿಂಧನೂರಕ್ಕ

ಹೇಳಿದಿರಿ ಅಣ್ಣ, ಆದರೆ ಬರೀ ಕರೆಂಟ್ ಸರಿ ಮಾಡಿ ಬಿಟ್ಟಿದ್ದರೆ ಈ ತಪ್ಪು ಕೋಡಿನಲ್ಲೇ ಕೂತಿರುತ್ತಿತ್ತು. ಯಾವತ್ತೋ ಒಂದು ದಿನ ಲೈನೇ ಹೋದಾಗ ಎದ್ದು ಬರುತ್ತಿತ್ತು. ಎರಡೂ ಬೇಕು.

ದೀಪಮಾಲೆ, ಚೆನ್ನಾಗಿ ಹಿಡಿದಿರಿ. ಆದರೆ ಇದು ಇನ್ನೂ ಕಾಗದದ ಮೇಲಿನ ಕಥೆ. ಬೇಕೆಂದಾಗ ತಪ್ಪನ್ನು ಬರಿಸಿ ತೋರಿಸಬೇಕು, ಆಮೇಲೆ ಸರಿ ಮಾಡಬೇಕು, ಆಮೇಲೆ ಅದೇ ರೀತಿ ಬರಿಸಲು ಹೋಗಿ ಬರದೇ ಇರುವುದನ್ನು ನೋಡಬೇಕು. ಕರೆಂಟ್ ತೆಗೆದು ಹಾಕುವ ಒಂದು ಯಂತ್ರ ಯಾರಾದರೂ ಮಾಡುತ್ತೀರಾ?

ಗಂಗಾವತಿ_ಸೀರಿಯಲ್‌ಸೆಟ್

ನಮ್ಮೂರಲ್ಲಿ ಅದಕ್ಕೂ ಯಂತ್ರ ಬೇಕಾ?

ಸೋಲ್ಡರ್_ರಾಯಚೂರು

ಶಕ್ತಿನಗರದಲ್ಲಿ ಇಡೀ ರಾಜ್ಯಕ್ಕೆ ಕರೆಂಟ್ ಮಾಡುವ ಊರಿನವನು ನಾನು, ನಮ್ಮ ಮನೆಯಲ್ಲಿ ಮಾತ್ರ ಯುಪಿಎಸ್ ಮೇಲೆ ಟಿವಿ. ಆ ಜೋಕು ಬೇಡ.

ಯಂತ್ರ ಮಾಡಿದೆ. ಹಳೆಯ ಬೋರ್ಡ್ ಒಂದು, ಅದು ಒತ್ತುವ ಸ್ವಿಚ್ಚಿನಂಥ ರಿಲೇ ಒಂದು. 20 ಸೆಕೆಂಡಿನಿಂದ ಮೂರು ನಿಮಿಷದ ಒಳಗೆ ಯಾವಾಗಲೋ ಒಮ್ಮೆ ಸಪ್ಲೈ ತೆಗೆದು ಮತ್ತೆ ಕೊಡುತ್ತದೆ. ಅಕ್ಕ ಹೇಳಿದಂತೆ 'ಆರತಿ' ಕೋಡಿನಲ್ಲಿ ಆರತಿಯನ್ನು ಐದು ಸೆಕೆಂಡಿಗೊಂದು ಮಾಡಿದೆ, ತಪ್ಪು ಬೇಗ ಸಿಗಲಿ ಅಂತ. ಪಟ್ಟಿಯಲ್ಲಿ ಸುಳ್ಳು ಆರತಿಗಳನ್ನು ಸಾವಿರಗಟ್ಟಲೆ ತುಂಬಲು ಆಗುವುದಿಲ್ಲವಲ್ಲ, ಅದಕ್ಕೆ ಮುಗಿದ ಹಾಗೆ ಹೊಸ ನಂಬರು ಸೇರಿಸುವ ನಾಲ್ಕು ಸಾಲು ಬರೆದೆ. ಇನ್ನೊಂದು ಕಂಪ್ಯೂಟರಿನಿಂದ ಪ್ರತಿ ಸಲ ಬೋರ್ಡ್ ಎದ್ದ ಮೇಲೆ ಜೇಸನ್ ಇನ್ಫೋ ಕೇಳುತ್ತೇನೆ. ಫ್ರೀ ಹೀಪ್, ಅಪ್‌ಟೈಮ್ ಎರಡೂ ಅದರಲ್ಲಿ ಬರುತ್ತವೆ. ಬರದಿದ್ದರೆ 'ಬೀಗ' ಅಂತ ಬರೆದು, ಫೈಲ್ ಸರಿ ಮಾಡಿ ಮತ್ತೆ ಶುರು.

ರಾತ್ರಿ ಹತ್ತಕ್ಕೆ ಹಚ್ಚಿ ಮಲಗಿದೆ. ರಿಲೇ ಟಕ್ ಟಕ್ ಅಂತ ನಿದ್ದೆ ಬರಲಿಲ್ಲ, ಮನೆಯವರು ಅದನ್ನು ಅಡುಗೆಮನೆಗೆ ಸಾಗಿಸಿದರು. ಬೆಳಿಗ್ಗೆ ನೋಡಿದರೆ 280 ಸಲ ಕರೆಂಟ್ ಹೋಗಿದೆ. ಏಳು ಸಲ ಬೀಗ.

ಸಿಂಧನೂರಕ್ಕ

ಏಳು! ಭಾರಿ ಖುಷಿ ಆಯಿತು. ಬೇರೆಯವರಿಗೆ ಇದು ಹುಚ್ಚು ಅನಿಸಬಹುದು.

ಈಗ ಸರಿ ಮಾಡೋಣ. 611ನೇ ಸಾಲಿನ ಮೇಲೆ ಒಂದು 'ಬಿಡು' ಬರೆದರೆ ಇವತ್ತಿಗೆ ಸಾಕು. ಆದರೆ ಆ ಫಂಕ್ಷನ್ನಿನಲ್ಲಿ ಇನ್ನೂ ನಾಲ್ಕು ರಿಟರ್ನ್ ಇವೆ, ಮುಂದಿನ ವರ್ಷ ಯಾರೋ ಮತ್ತೊಂದು ಸೇರಿಸುತ್ತಾರೆ. ಸಿ ಪ್ಲಸ್ ಪ್ಲಸ್‌ನಲ್ಲಿ ಇದಕ್ಕೆ ಹಳೆಯ ಉಪಾಯ ಇದೆ. ಒಂದು ಸಣ್ಣ ಕ್ಲಾಸ್ ಮಾಡಿ. ಹುಟ್ಟುವಾಗ ಲಾಕ್ ಕೇಳಲಿ, ಸಾಯುವಾಗ ಲಾಕ್ ಬಿಡಲಿ. ಫಂಕ್ಷನ್ ಯಾವ ಬಾಗಿಲಿನಿಂದ ಹೊರಗೆ ಹೋದರೂ ಅದು ಸಾಯುವಾಗಿನ ಕೋಡ್, ಅಂದರೆ ಡಿಸ್ಟ್ರಕ್ಟರ್, ಓಡಿಯೇ ಓಡುತ್ತದೆ. ಬರೆಯುವವರ ನೆನಪಿನ ಮೇಲೆ ಬಿಡುವ ಹಾಗಿಲ್ಲ.

ಫೈಲಿನ ವಿಷಯ. ಬೋರ್ಡಿನೊಳಗಿನ ಲಿಟಲ್‌ಎಫ್‌ಎಸ್ ಕರೆಂಟ್ ಹೋದರೂ ತಾನು ಕೆಡದಂತೆ ಮಾಡಿರುವ ಫೈಲ್ ಸಿಸ್ಟಮ್. ಒಂದೊಂದು ಫೈಲೂ ಹಳೆಯದಾಗಿಯೋ ಹೊಸದಾಗಿಯೋ ಉಳಿಯುತ್ತದೆ. ಆದರೆ ಎರಡು ಫೈಲು ಒಂದಕ್ಕೊಂದು ಹೊಂದಬೇಕು ಅಂತ ಅದಕ್ಕೆ ಗೊತ್ತಿಲ್ಲ. ಪಟ್ಟಿ, ಗುರುತು ಎರಡನ್ನೂ ಒಂದೇ ಫೈಲಿಗೆ ತನ್ನಿ. ಬೇರೆ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಾಯಿಸಿ. ಇಷ್ಟು ಆದಮೇಲೆ ದೀಪ ಬಿಳಿ ಮಾಡಿ.

ನಾಲ್ಕನೇ ಸೆಮ್, ಈಗ ನಿನ್ನ ಸರದಿ. ಈ ಮೂರಕ್ಕೂ ಬೇರೆ ಬೇರೆ ಕಮಿಟ್ ಮಾಡು. ಆಮೇಲೆ 'ಮಾಡು2ಹೊಸದು' ಹೆಸರು ಬದಲಾಯಿಸು, ಅದೂ ಬೇರೆ ಕಮಿಟ್.

ನಾಲ್ಕನೇ_ಸೆಮ್

ಆಯಿತು ಅಕ್ಕಾ. ಮಾಡುತ್ತಿರುವಾಗ ಎರಡು ಸಿಕ್ಕವು.

611ನೇ ಸಾಲು ಯಾವಾಗ ಬಂತು ಅಂತ ಹುಡುಕಿದೆ. ನಮ್ಮ ಫೋರ್ಕಿನಲ್ಲಿ (ಮೂಲ ಕೋಡಿನ ನಮ್ಮ ಪ್ರತಿಯಲ್ಲಿ) ಕಳೆದ ಹಬ್ಬದಿಂದ 41 ಕಮಿಟ್. ಗಿಟ್ ಬೈಸೆಕ್ಟ್ ಹಾಕಿದೆ, ಅದು ಪ್ರತಿ ಸಲ ಅರ್ಧಕ್ಕೆ ಅರ್ಧ ಕಡಿಯುತ್ತದೆ, ಆರು ಬಿಲ್ಡ್‌ನಲ್ಲಿ ಮುಗಿಯಿತು. ಕಮಿಟ್ ಮೆಸೇಜ್ "ಸಣ್ಣ ಬದಲಾವಣೆ". ಬರೆದವನು... ನಾನೇ. ಹೋದ ವರ್ಷ ಮೊದಲ ಸೆಮ್ ರಜೆಯಲ್ಲಿ ಸೇರಿಸಿದ್ದು, ಮರೆತೇ ಹೋಗಿತ್ತು. ಹೊಸದಾಗಿ ಬರೆಯೋಣ ಅಂದವನೂ ನಾನೇ. 🙏

ಇನ್ನೊಂದು. 'ಈಗಿನ ಮಿಲ್ಲಿಸ್ ಮುಂದಿನ ಸಮಯಕ್ಕಿಂತ ದೊಡ್ಡದಾದರೆ' ಅಂತ ಹೋಲಿಸಿದ್ದೇವೆ. ಮಿಲ್ಲಿಸ್ ಅಂದರೆ ಬೋರ್ಡ್ ಎದ್ದಾಗಿನಿಂದ ಕಳೆದ ಮಿಲಿಸೆಕೆಂಡುಗಳ 32 ಬಿಟ್ ಎಣಿಕೆ, 49.7 ದಿನಕ್ಕೆ ಮತ್ತೆ ಸೊನ್ನೆಯಿಂದ ಶುರು. ಆ ಗಡಿಯಲ್ಲಿ ನಮ್ಮ ಹೋಲಿಕೆ ಕೆಡುತ್ತದೆ. ಈಗಿನದರಿಂದ ಹಳೆಯದನ್ನು ಕಳೆದು ಅಂತರ ನೋಡಿದರೆ ಸರಿ.

ದೀಪಮಾಲೆ_ಬಳ್ಳಾರಿ

ತಮ್ಮಾ, ಗಣಪತಿ ಹೆಚ್ಚೆಂದರೆ ಹನ್ನೊಂದು ದಿನ. 49 ದಿನದ ಚಿಂತೆ ಯಾಕೆ?

ಗಂಗಾವತಿ_ಸೀರಿಯಲ್‌ಸೆಟ್

ನನಗೆ ಇದೆ ಚಿಂತೆ. ಗುಡಿಗಳಲ್ಲಿ ಇನ್ವರ್ಟರ್ ಮೇಲೆ ವರ್ಷವಿಡೀ ಉರಿಯುತ್ತದೆ. ಒಂದು ಗುಡಿಯವರು "ಎರಡು ತಿಂಗಳಿಗೊಮ್ಮೆ ಹಠ ಹಿಡಿಯುತ್ತದೆ, ಆಫ್ ಮಾಡಿ ಹಾಕಿದರೆ ಸರಿ ಹೋಗುತ್ತದೆ" ಅಂತಿದ್ದರು. ನಾನು ನಂಬಿರಲಿಲ್ಲ.

ಸಿಂಧನೂರಕ್ಕ

ಟೆಸ್ಟ್ ಮಾಡಲು 49 ದಿನ ಕಾಯಬೇಡಿ. ಮಿಲ್ಲಿಸ್ ಅನ್ನು ನೇರವಾಗಿ ಕರೆಯುವ ಬದಲು ನಿಮ್ಮದೇ ಒಂದು ಫಂಕ್ಷನ್ ಇಟ್ಟು, ಟೆಸ್ಟಿನಲ್ಲಿ ಅದಕ್ಕೆ 4294900000 ಕೂಡಿಸಿ. ಒಂದು ನಿಮಿಷ ಚಿಲ್ಲರೆಗೆ ಗಡಿ ಬಂದುಬಿಡುತ್ತದೆ.

ಸೋಲ್ಡರ್_ರಾಯಚೂರು

ಹುಡುಗನ ಮೂರು ಕಮಿಟ್ ಹಾಕಿ ರಾತ್ರಿ ಮತ್ತೆ ಓಡಿಸಿದೆ. ಕರೆಂಟ್ 280 ಸಲ ಹೋಯಿತು. ಬೀಗ ಸೊನ್ನೆ.

ಕಿನ್ನಾಳ_ಮೇಷ್ಟ್ರು

ಒಳ್ಳೆಯದು. ಆದರೆ 280ರಲ್ಲಿ ಸೊನ್ನೆ ಅಂದರೆ ತಪ್ಪೇ ಇಲ್ಲ ಅಂತ ಅಲ್ಲ. ಒಂದು ಅಂದಾಜು ಲೆಕ್ಕ ಇದೆ: ಒಂದೂ ಕಾಣದಿದ್ದರೆ, ಮೂರನ್ನು ಪ್ರಯತ್ನದ ಸಂಖ್ಯೆಯಿಂದ ಭಾಗಿಸಿ. ನೂರಕ್ಕೆ 95ರ ಭರವಸೆಯಲ್ಲಿ, ತಪ್ಪು ಅದಕ್ಕಿಂತ ಜಾಸ್ತಿ ಇರಲಾರದು. ಇಲ್ಲಿ ನೂರಕ್ಕೆ ಒಂದು. ಮೊದಲು ನೂರಕ್ಕೆ ಎರಡೂವರೆ ಇತ್ತು. ಇನ್ನೂ ಮೂರು ರಾತ್ರಿ ಓಡಿಸಿದರೆ ನನಗೆ ಧೈರ್ಯ.

ಸೋಲ್ಡರ್_ರಾಯಚೂರು

ಮೇಷ್ಟ್ರೇ, ಆ ಟಕ್ ಟಕ್ ಕೇಳುವುದು ನೀವಲ್ಲ. ಆಯಿತು, ಓಡಿಸುತ್ತೇನೆ.

ದೀಪಮಾಲೆ_ಬಳ್ಳಾರಿ

ಇನ್ನೊಂದು ಕೇಳುವುದಿತ್ತು. ಇದನ್ನು ಮೂಲ ಪ್ರಾಜೆಕ್ಟಿಗೆ ಕಳಿಸಬೇಕು ಅಂದರೆ ಇಂಗ್ಲಿಷ್‌ನಲ್ಲಿ ಬರೆಯಬೇಕು. ನನಗೆ ಅದೇ ಭಯ. ಎರಡು ಸಲ ಬರೆದು ಅಳಿಸಿದೆ. ತಪ್ಪು ಇಂಗ್ಲಿಷ್ ನೋಡಿ ನಗುತ್ತಾರೇನೋ ಅಂತ.

ಸಿಂಧನೂರಕ್ಕ

ನಾನೂ ಸಿಂಧನೂರಿನ ಕನ್ನಡ ಮೀಡಿಯಂನಲ್ಲೇ ಓದಿದವಳು. ಮೊದಲ ಇಶ್ಯೂ (ತಪ್ಪಿನ ವರದಿ) ಬರೆಯಲು ಒಂದು ವಾರ ತಗೊಂಡೆ. ಗೊತ್ತಿರಲಿ, ಆ ಕಡೆ ಇರುವವರಲ್ಲೂ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಅವರು ವ್ಯಾಕರಣ ನೋಡುವುದಿಲ್ಲ. ಯಾವ ವರ್ಷನ್, ಯಾವ ಬೋರ್ಡ್, ಎಷ್ಟು ದೀಪ, ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು, ಸೀರಿಯಲ್ ಲಾಗ್. ಇಷ್ಟಿದ್ದರೆ ತುಂಡು ತುಂಡು ಮಾತಿನಲ್ಲಿದ್ದರೂ ನಡೆಯುತ್ತದೆ. ತುಂಬಾ ಚಂದದ ಇಂಗ್ಲಿಷಿನಲ್ಲಿ "ಕೆಲಸ ಮಾಡುತ್ತಿಲ್ಲ, ಬೇಗ ಸರಿ ಮಾಡಿ" ಅಂತ ಬರೆದವರಿಗೆ ಯಾರೂ ಏನೂ ಸಹಾಯ ಮಾಡಲು ಆಗುವುದಿಲ್ಲ.

ಆದರೆ ಒಂದು ನೆನಪಿಡಿ. ನಮಗೆ ಸಿಕ್ಕಿದ್ದು ಡಬ್ಲ್ಯೂಎಲ್‌ಇಡಿ ತಪ್ಪಲ್ಲ, ನಮ್ಮ ಯೂಸರ್‌ಮಾಡ್ ತಪ್ಪು. ಅದಕ್ಕೆ ಅಲ್ಲಿ ಇಶ್ಯೂ ಹಾಕಬೇಡಿ. 'ಆರತಿ'ಯನ್ನು ಯೂಸರ್‌ಮಾಡ್ ಆಗಿಯೇ ಒಂದು ಪುಲ್ ರಿಕ್ವೆಸ್ಟ್ ಮಾಡಿ, ಜೊತೆಗೆ ಒಂದು ರೀಡ್‌ಮಿ. ಅದರಲ್ಲಿ ಕರೆಂಟ್ ತೆಗೆಯುವ ಟೆಸ್ಟ್ ಹೇಗೆ ಮಾಡಿದೆವು ಅಂತ ಬರೆಯಿರಿ. ಬೇರೆ ದೇಶದಲ್ಲಿ ಕೂತವರಿಗೆ ರಾತ್ರಿ 280 ಸಲ ಕರೆಂಟ್ ತೆಗೆಯುವ ಯೋಚನೆಯೇ ಬಂದಿರಲಿಕ್ಕಿಲ್ಲ. ಕಳಿಸಿದ ಮೇಲೆ ಅವರು ಓದುತ್ತಿರುವಾಗ ಫೋರ್ಸ್ ಪುಷ್ (ಹಳೆಯ ಕಮಿಟ್‌ಗಳ ಮೇಲೆಯೇ ಬರೆಯುವುದು) ಮಾಡಬೇಡಿ, ಅವರೇ ಹಾಗೆ ಕೇಳಿಕೊಂಡಿದ್ದಾರೆ. ತಿದ್ದಿದ್ದನ್ನು ಹೊಸ ಕಮಿಟ್ ಆಗಿ ಸೇರಿಸಿ.

ಕಿನ್ನಾಳ_ಮೇಷ್ಟ್ರು

ರೀಡ್‌ಮಿ ಕನ್ನಡದಲ್ಲಿ ಬರೆದು ಕಳಿಸಿ, ಇಂಗ್ಲಿಷ್ ಮಾಡುವ ಕೆಲಸ ನನಗಿರಲಿ. ಚಿತ್ರ ಕೂಡ ಬರೆಯುತ್ತೇನೆ.

ನಾಲ್ಕನೇ_ಸೆಮ್

ಕಮಿಟ್ ಮೆಸೇಜುಗಳನ್ನು ನಾನು ಬರೆಯುತ್ತೇನೆ. "ಸಣ್ಣ ಬದಲಾವಣೆ" ಅಂತ ಇನ್ನು ಬರೆಯುವುದಿಲ್ಲ.

ಸೋಲ್ಡರ್_ರಾಯಚೂರು

ನಾಲ್ಕು ರಾತ್ರಿ ಸೇರಿ 1130 ಸಲ. ಬೀಗ ಸೊನ್ನೆ. ಮೇಷ್ಟ್ರೇ, ಭಾಗಿಸಿಕೊಳ್ಳಿ.

ಆದರೆ ಮೂರನೇ ರಾತ್ರಿ ಒಮ್ಮೆ ಕರೆಂಟ್ ತೆಗೆಯದೇ ಇದ್ದಾಗಲೂ ಬೋರ್ಡ್ ತಾನೇ ರೀಸ್ಟಾರ್ಟ್ ಆಗಿದೆ. 'ಎಕ್ಸೆಪ್ಷನ್ 28' ಅಂತ ಬಂದಿದೆ, ಲಾಗ್ ಕೆಳಗೆ ಹಾಕಿದ್ದೇನೆ.

ಸಿಂಧನೂರಕ್ಕ

28 ಅಂದರೆ ಓದಬಾರದ ವಿಳಾಸ ಓದಲು ಹೋಗಿದೆ, ಬಹಳ ಸಲ ನಲ್ ಪಾಯಿಂಟರ್, ಅಂದರೆ ಎಲ್ಲಿಗೂ ತೋರಿಸದ ವಿಳಾಸ. ಆ ಬಿಲ್ಡಿನ ಇಎಲ್‌ಎಫ್ ಫೈಲ್ ಇಟ್ಟಿದ್ದೀರಿ ತಾನೆ? ಅದಿಲ್ಲದೆ ಸ್ಟ್ಯಾಕ್ ಬಿಡಿಸಿ ಕೋಡ್ ಎಲ್ಲಿ ಬಿತ್ತು ಅಂತ ನೋಡಲು ಆಗುವುದಿಲ್ಲ.

ಸೋಲ್ಡರ್_ರಾಯಚೂರು

ಇಟ್ಟಿದ್ದೇನೆ ಅಕ್ಕಾ, ತಾರೀಖು ಬರೆದು. ಈಗಲೇ ಕಳಿಸುತ್ತೇನೆ.